ನೂರು ವರ್ಷದ ಪಾಸ್‌ಪೋರ್ಟ್ ಅರ್ಜಿ ಕೊನೆಗೂ ಬಾಯಿ ಬಿಟ್ಟಿತು

ಸಿಕ್ಕಿತು! ನನ್ನ ಸೊಸೆಯ ಮುತ್ತಜ್ಜ ಅಮೆರಿಕಕ್ಕೆ ವಲಸೆ ಬಂದವನು, ಅವನು ಹುಟ್ಟಿದ ಊರಿನ ಹೆಸರು ಸಿಕ್ಕಿತು. ಇಷ್ಟು ದಿನ ನಮ್ಮ ಕೈಲಿದ್ದದ್ದು 'ಇಟಲಿ' ಅನ್ನುವ ಒಂದೇ ಮಾತು. ಅಮೆರಿಕದ ಜನಗಣತಿಯವರು ಅದಕ್ಕಿಂತ ಜಾಸ್ತಿ ಬರೆದುಕೊಳ್ಳಲಿಲ್ಲ.

ಜನಗಣತಿ, ಮದುವೆ ದಾಖಲೆ, ಸಮಾಧಿ ಕಲ್ಲು ಹುಡುಕುವುದು ಹೇಗೆ ಅಂತ ವಂಶದ ಬೇರು ಹುಡುಕುವ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ತಲೆ ತಿಂದದ್ದು ಅವನ ನ್ಯಾಚುರಲೈಸೇಶನ್ ಕಾಗದ, ಅಂದರೆ ವಲಸೆ ಬಂದವನಿಗೆ ಅಮೆರಿಕದ ಪೌರತ್ವ ಸಿಕ್ಕ ದಾಖಲೆ.

1920ರ ಜನಗಣತಿಯಲ್ಲಿ ಅವನ ಸಾಲಿನಲ್ಲಿ 'ಎನ್‌ಎ' ಎಂದಿದೆ. ಅಂದರೆ ಪೌರತ್ವ ಬಂದಾಗಿದೆ. ಪಕ್ಕದ ಕಾಲಂನಲ್ಲಿ ವರ್ಷ, 1899. ಆ ವರ್ಷ ನೋಡಿದ ಕೂಡಲೇ ಅರ್ಧ ಉತ್ಸಾಹ ಇಳಿದುಹೋಯಿತು. 1906ರ ಸೆಪ್ಟೆಂಬರ್ 27ಕ್ಕಿಂತ ಹಿಂದಿನದು ಅಂದರೆ ಗೊತ್ತಲ್ಲ? ವಾಷಿಂಗ್ಟನ್‌ಗೆ ನಕಲು ಹೋಗುತ್ತಿರಲಿಲ್ಲ, ಹಾಗಾಗಿ ಅಲ್ಲಿ ಇಡುತ್ತಿದ್ದ ಪೌರತ್ವ ಕಡತದ, ಅಂದರೆ ಸಿ-ಫೈಲ್‌ನ, ಆಸೆಯೇ ಇಲ್ಲ. ಫಾರಂ ಒಂದೊಂದು ಕೋರ್ಟಿನಲ್ಲಿ ಒಂದೊಂದು ತರ. ನ್ಯೂಯಾರ್ಕ್ ನಗರದಲ್ಲಂತೂ ಪೌರತ್ವ ಕೊಡುತ್ತಿದ್ದ ಕೋರ್ಟುಗಳೇ ಹಲವು.

ನಮ್ಮ ಪುಣ್ಯಕ್ಕೆ 1792ರಿಂದ 1906ರವರೆಗಿನ ನ್ಯೂಯಾರ್ಕ್ ಸೌಂಡೆಕ್ಸ್ ಕಾರ್ಡುಗಳಿವೆ, ಅಡ್ಡಹೆಸರಿನ ಉಚ್ಚಾರದ ಮೇಲೆ ಜೋಡಿಸಿದ ಪೌರತ್ವ ಸೂಚಿ. ನಮ್ಮ ಗ್ರಹಚಾರಕ್ಕೆ ಅದರಲ್ಲಿ ಇದೇ ಹೆಸರಿನವರ ಒಂದು ದಂಡೇ ಇದೆ. ಒಬ್ಬ ಕ್ಷೌರಿಕ, ಒಬ್ಬ ಹಣ್ಣಿನ ವ್ಯಾಪಾರಿ, ಒಬ್ಬ ಕೂಲಿ. ಯಾರ ವಿಳಾಸವೂ ನಮ್ಮವನಿಗೆ ತಾಳೆಯಾಗುವುದಿಲ್ಲ. 1899ರಲ್ಲಿ ಒಬ್ಬನೂ ಇಲ್ಲ.

ಆದರೂ ಕ್ಷೌರಿಕನ ಮೇಲೆ ಅನುಮಾನ ಇತ್ತು. ಪೂರ್ತಿ ಫೈಲಿನ ನಕಲಿಗೆ ಒಂದು ಕೌಂಟಿ ಕಚೇರಿಗೆ ಬರೆದೆ. ಕಾರ್ಡಿನಿಂದ ಹಣ ಕಟ್ಟುವಂತಿಲ್ಲ, ಮನಿ ಆರ್ಡರೇ ಬೇಕು. ಜೊತೆಗೆ ನಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಕವರ್. ತಿಂಗಳುಗಟ್ಟಲೆ ಕಾಯಿಸಿ ಕಳಿಸಿದ್ದೇನು? ಗುರುತಿಗೆ ಅಂತ ನಾನೇ ಲಗತ್ತಿಸಿದ್ದ ಸೂಚಿ ಕಾರ್ಡಿನ ನಕಲಿಗೆ ಇನ್ನೊಂದು ನಕಲು! ಮೇಲೊಂದು ಸೀಲು. ಸೀಲು ಮಾತ್ರ ಬಹಳ ಚೆನ್ನಾಗಿ ಬಿದ್ದಿದೆ.

ಆಮೇಲೆ ದಾರಿ ಬದಲಿಸಿದೆ. ಮುತ್ತಜ್ಜ ಒಮ್ಮೆ ಇಟಲಿಗೆ ಹೋಗಿಬಂದಿದ್ದ ಅನ್ನುವ ಮಾತು ಸೊಸೆಯ ಮನೆಯಲ್ಲಿತ್ತು. ಹಾಗಾದರೆ ಪಾಸ್‌ಪೋರ್ಟ್ ಅರ್ಜಿ ಇರಬೇಕು ಅಲ್ವಾ? ಚಂದಾ ಕಟ್ಟುವ ಸೈಟಿನಲ್ಲಿ ಹೆಸರು ಹಾಕಿ ಸಾಕಾಯಿತು. ಅದು ತೋರಿಸಿದ್ದು ಒಬ್ಬ ನಾರ್ವೆಯವನನ್ನು. ವರ್ಷವರ್ಷ ಚಂದಾ ಏರಿಸುವಾಗ ಇರುವ ಚುರುಕು ಹುಡುಕಾಟದಲ್ಲಿ ಯಾಕಿಲ್ಲವೋ.

ಬೀಗ ತೆಗೆದದ್ದು ವಾಪಸ್ ಬಂದ ಹಡಗಿನ ಪಟ್ಟಿ. ಆಗ ಅಮೆರಿಕದ ಪ್ರಜೆಗಳಿಗೆ ಬೇರೆಯೇ ಹಾಳೆ ಇರುತ್ತಿತ್ತು. ಪೌರತ್ವ ಕೊಟ್ಟ ಕೋರ್ಟು ಯಾವುದು, ಎಂದು ಕೊಟ್ಟಿತು ಅಂತ ಬರೆಯಲು ಅದರಲ್ಲಿ ಒಂದು ಕಾಲಂ. 1921ರ ಆ ಹಾಳೆಯಲ್ಲಿ ನಮ್ಮವನ ಸಾಲಿಗೆ ಬಂದಾಗ ಬರೆಯುವವನಿಗೆ ಬೇಜಾರು ಬಂದಿರಬೇಕು, ಕೋರ್ಟಿನ ಬದಲು ಬರೀ ಪಾಸ್‌ಪೋರ್ಟ್ ಸಂಖ್ಯೆ ಗೀಚಿದ್ದಾನೆ. ಅವನ ಸೋಮಾರಿತನಕ್ಕೆ ನೂರು ನಮಸ್ಕಾರ. 1906ರಿಂದ 1925ರ ಮಾರ್ಚ್‌ವರೆಗಿನ ಅರ್ಜಿಗಳ ಎಂ1490 ಅನ್ನುವ ಮೈಕ್ರೋಫಿಲ್ಮ್ ಸರಣಿ ಇರುವುದು ಸಂಖ್ಯೆಯ ಕ್ರಮದಲ್ಲೇ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಸೈಟಿನಲ್ಲಿ ಆ ರೋಲ್ ತೆರೆದು ಒಂದೊಂದೇ ಪುಟ ತಿರುವಿದೆ. ಸೂಚಿ ಮಾಡಿದವರು ಅವನ ಹೆಸರಿನ ಮೊದಲ ಅಕ್ಷರವನ್ನೇ ಬೇರೆ ಓದಿದ್ದರು, ಹಾಗಾಗಿ ಹೆಸರು ಹಾಕಿ ಹುಡುಕಿದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಅರ್ಜಿಯ ಹಿಂಬದಿಯಲ್ಲಿ ಫೋಟೋ. 1914ರ ಡಿಸೆಂಬರ್‌ನಿಂದ ಫೋಟೋ ಕಡ್ಡಾಯ ಮಾಡಿದ ಪುಣ್ಯಾತ್ಮರು ಚೆನ್ನಾಗಿರಲಿ. ಕುತ್ತಿಗೆ ಹಿಸುಕುವ ಕಾಲರ್, ದಪ್ಪ ಮೀಸೆ, ಒಂದು ಕಿವಿ ಇನ್ನೊಂದಕ್ಕಿಂತ ಮುಂದೆ ಚಾಚಿದೆ. ನನ್ನ ಮೊಮ್ಮಗನ ಕಿವಿಯೂ ಥೇಟ್ ಹಾಗೇ. ಹಣೆ, ಮೂಗು, ಬಾಯಿ, ಗಲ್ಲ, ಒಂದೊಂದಕ್ಕೂ ಕಾಲಂ ಇದೆ. ಗುಮಾಸ್ತ ಎಲ್ಲದಕ್ಕೂ 'ಸಾಧಾರಣ' ಅಂತ ಬರೆದು ಮುಗಿಸಿದ್ದಾನೆ. ಹೋಗುವ ಕಾರಣ, ಆಸ್ತಿ ವ್ಯವಹಾರ. ಹುಟ್ಟಿದ ಊರಿನ ಹೆಸರು ಟೈಪ್ ಮಾಡಿ ಇಟ್ಟಂತಿದೆ!

ಆದರೆ ಅಸಲಿ ವಿಷಯ ಇದ್ದದ್ದು ಫಾರಂನಲ್ಲೇ. ತಾನೇ ಪೌರತ್ವ ಪಡೆದವರು ತುಂಬುವ ಫಾರಂ ಅದಲ್ಲ. ಗಂಡನ ಅಥವಾ ತಂದೆತಾಯಿಯ ಪೌರತ್ವದಿಂದ ತಾನೂ ಪ್ರಜೆ ಅನ್ನುವವರ ಫಾರಂ. 1899ರಲ್ಲಿ ಕೋರ್ಟಿಗೆ ಹೋದವನು ಅವನ ಅಪ್ಪ. ಆಗ ಮಗನಿಗೆ ಹದಿನೈದು ವರ್ಷ. ಅಮೆರಿಕದಲ್ಲೇ ಇದ್ದ ಅಪ್ರಾಪ್ತ ಮಕ್ಕಳು ಅಪ್ಪನ ಜೊತೆಗೆ ತಾವಾಗಿಯೇ ಪ್ರಜೆಗಳಾಗುತ್ತಿದ್ದರು, 1802ರ ಕಾಯ್ದೆ. ಹೆಂಡತಿಯ ಪೌರತ್ವವನ್ನು ಗಂಡನದರಿಂದ ಬೇರೆ ಮಾಡಿದ 1922ರ ಕೇಬಲ್ ಕಾಯ್ದೆ ಬರುವ ತನಕ ಹೆಂಡತಿಯರಿಗೂ ಹೀಗೇ. ಮಗನ ಹೆಸರಿನಲ್ಲಿ ಫೈಲೇ ಹುಟ್ಟಿಲ್ಲ, ಹುಡುಕಿದರೆ ಎಲ್ಲಿಂದ ಸಿಗಬೇಕು?

ಖಾತ್ರಿಗೆ 1918ರ ಸೆಪ್ಟೆಂಬರ್‌ನ ಸೇನಾ ನೋಂದಣಿ ಕಾರ್ಡ್ ತೆಗೆದೆ. ಅದರಲ್ಲಿ 'ನೋಂದಾಯಿಸಿದವನು ಪ್ರಾಪ್ತನಾಗುವ ಮುನ್ನ ತಂದೆಗೆ ಬಂದ ಪೌರತ್ವದಿಂದ ಪ್ರಜೆ' ಅನ್ನುವುದಕ್ಕೆ ಪ್ರತ್ಯೇಕ ಚೌಕವೇ ಇದೆ. ಗೀಟು ಬಿದ್ದಿರುವುದು ಅಲ್ಲಿಗೇ. ನಿಮ್ಮವನ ಕಾಗದ ಸಿಗುತ್ತಿಲ್ಲವಾದರೆ ಮೊದಲು ಈ ಕಾರ್ಡ್ ನೋಡಿ. ಸೈಟುಗಳ ಹುಡುಕಾಟದಲ್ಲಿ ಆ ಚೌಕ ಬರುವುದಿಲ್ಲ, ಚಿತ್ರವನ್ನೇ ತೆರೆಯಬೇಕು.

ಸುದ್ದಿ ಕೇಳಿದ ಸೊಸೆಯ ತಮ್ಮನ ಮೊದಲ ಪ್ರಶ್ನೆ, "ಹಾಗಾದರೆ ನನಗೆ ಇಟಲಿ ಪಾಸ್‌ಪೋರ್ಟ್ ಸಿಗುತ್ತಾ?" ಇಲ್ಲಪ್ಪ. 2025ರಲ್ಲಿ ಅವರು ಅಜ್ಜ-ಅಜ್ಜಿಯ ತಲೆಮಾರಿಗೇ ಗೆರೆ ಎಳೆದಿದ್ದಾರೆ. ಸುಮ್ನೆ ಫೋಟೋ ನೋಡು ಅಂದೆ.

ಈ ರೋಲ್‌ಗಳನ್ನು ತಿರುವುತ್ತಾ ಮುಂದಿನ ಹುಚ್ಚು ಹತ್ತಿದೆ. ಅಮೆರಿಕ ಯಾರಿಗೆ ಪೌರತ್ವ ಕೊಟ್ಟು ಮತ್ತೆ ಕಿತ್ತುಕೊಂಡಿತೋ ಆ ಭಾರತೀಯರ ಕಡತಗಳು. 1923ರ ಫೆಬ್ರವರಿ 19ರಂದು ಅಮೆರಿಕದ ಸುಪ್ರೀಂ ಕೋರ್ಟ್, ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಅನ್ನುವವನ ಕೇಸಿನಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಾದ 'ಬಿಳಿಯರು' ಅಲ್ಲ ಎಂದಿತು. ಆಗಲೇ ಪ್ರಜೆಗಳಾಗಿದ್ದವರ ಮೇಲೂ ಸರ್ಕಾರ ರದ್ದತಿ ಕೇಸು ಹಾಕಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಊರಿಗೆ ಹೋಗಲು ಅಮೆರಿಕದ ಪಾಸ್‌ಪೋರ್ಟ್ ಕೇಳಿದರೆ ಕೊಡಲಿಲ್ಲ, ಬ್ರಿಟಿಷ್ ಪಾಸ್‌ಪೋರ್ಟ್ ತಗೋ ಎಂದರು. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ಇಂಥವರನ್ನು ಹುಡುಕಲು ನ್ಯಾಚುರಲೈಸೇಶನ್ ಸೂಚಿಯೊಂದೇ ಸಾಲದು, ರದ್ದತಿ ಕೇಸಿನ ಕಟ್ಟನ್ನೂ ಬಿಚ್ಚಬೇಕು. ಯಾರಾದರೂ ಕೈಜೋಡಿಸುವುದಾದರೆ ಹೇಳಿ.

ಇರಲಿ, ಇಟಲಿಗೆ ವಾಪಸ್. ಅಪ್ಪನ 1899ರ ಅರ್ಜಿಯೂ ಬ್ರೂಕ್ಲಿನ್‌ನಲ್ಲಿ ಸಿಕ್ಕಿತು. ಇಟಲಿಯ ದೊರೆಗೆ ಇನ್ನು ನಿಷ್ಠೆ ಇಲ್ಲ ಅನ್ನುವ ಒಂದು ಸಾಲು, ಒಬ್ಬ ಸಾಕ್ಷಿ, ಸಹಿಯ ಜಾಗದಲ್ಲಿ ಒಂದು ಗುಣಾಕಾರ ಚಿಹ್ನೆ. ಊರಿಲ್ಲ, ಹಡಗಿಲ್ಲ. ಮಗನ ಪಾಸ್‌ಪೋರ್ಟ್ ಅರ್ಜಿ ಇಲ್ಲದಿದ್ದರೆ ಇದು ನಮ್ಮವನದೇ ಅಂತ ಹೇಳುವಂತೆಯೇ ಇರಲಿಲ್ಲ.

ಈಗ ಇಟಲಿಯ ಹಳೆಯ ಸರ್ಕಾರಿ ದಾಖಲೆಗಳಿರುವ ಆಂತೆನಾತಿ ಪೋರ್ಟಲ್‌ನಲ್ಲಿ ಆ ಊರಿನ 1884ರ ಜನನ ಪುಸ್ತಕ ತೆರೆದಿದ್ದೇನೆ. ಒಂದೇ ಹೆಸರಿನ ಇಬ್ಬರು ಹುಡುಗರು! ದಾಯಾದಿಗಳೇ ಇರಬೇಕು, ಮೊದಲ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಅಲ್ಲೂ ಇದೆ. ಒಬ್ಬನ ಅಪ್ಪ ಜಾಕೊಮೊ, ಇನ್ನೊಬ್ಬನ ಅಪ್ಪ ವಿಂಚೆಂಜೊ. ಬ್ರೂಕ್ಲಿನ್ ಅರ್ಜಿಯಲ್ಲಿರುವುದು ಜೇಮ್ಸ್. ಜೇಮ್ಸ್ ಅಂದರೆ ಜಾಕೊಮೊ ಅಂತ ಖುಷಿಪಡುವಂತಿಲ್ಲ, ಅಮೆರಿಕಕ್ಕೆ ಬಂದ ವಿಂಚೆಂಜೊಗಳೂ ಜೇಮ್ಸ್ ಆಗಿಬಿಡುತ್ತಿದ್ದರು. ಇನ್ನು ಉಳಿದದ್ದು ತಾಯಿಯ ಹೆಸರು. ಅದು ಮುತ್ತಜ್ಜನ ಮದುವೆ ದಾಖಲೆಯಲ್ಲಿದೆ. ಸರಿಯಾಗಿ ಅದೇ ಜಾಗದಲ್ಲಿ ಮಸಿ ಚೆಲ್ಲಿದೆ.