ಮೂರು ಡಬ್ಬಿ

ಅಂಗಡಿ ದಿವಾಳಿ ಎದ್ದು ಹದಿನಾಲ್ಕು ತಿಂಗಳಾಯ್ತು. ಈಗ ಇನ್ನೊಬ್ಬರ ಅಂಗಡೀಲಿ ಲೆಕ್ಕ ಬರೀತೀನಿ, ಒಂದನೇ ತಾರೀಕು 22,000 ಕೈಗೆ ಬರುತ್ತೆ. ಸಾಲದ ಕಂತು ಕಟ್ಟಿ ಉಳಿದಿದ್ದು ಅಡುಗೆಮನೆ ಕಟ್ಟೆ ಮೇಲಿನ ಮೂರು ಹಾರ್ಲಿಕ್ಸ್ ಡಬ್ಬಿಗೆ ಹೋಗುತ್ತೆ: ಬಾಡಿಗೆ, ರೇಷನ್, ಮಗಳ ಸ್ಕೂಲು.

ಫೋನಲ್ಲಿದ್ದ ಯುಪಿಐ ತೆಗೆದುಹಾಕಿದೀನಿ. ಟಿಂಗ್ ಅಂದ್ರೆ ಸಾಕು, ದುಡ್ಡು ಹೋಗಿದ್ದೇ ಗೊತ್ತಾಗ್ತಿರಲಿಲ್ಲ. ಈಗ ನೂರರ ನೋಟು ಮುರಿಸೋಕೇ ಮನಸ್ಸು ಬರಲ್ಲ. ಗೀಸರ್ ಸ್ವಿಚ್ಚಿಗೂ ಟೇಪು ಅಂಟಿಸಿದೀವಿ. ಗೃಹಜ್ಯೋತಿ ಇದೆ ನಿಜ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಮ್ಮ ತಲೆಗೇ. ಭಾನುವಾರದ ಮಂಡಕ್ಕಿ ಮಿರ್ಚಿ ಮಾತ್ರ ಬಿಟ್ಟಿಲ್ಲ. ದಾವಣಗೆರೇಲಿದ್ದು ಅದನ್ನೂ ಬಿಡು ಅಂದ್ರೆ ಹೇಗೆ?

ಆಗೆಲ್ಲ ಲಕ್ಷದ ಲೆಕ್ಕ ಬಾಯಲ್ಲೇ ಹೇಳ್ತಿದ್ದೆ, ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕು ಅಂತ ಗೊತ್ತಿರಲಿಲ್ಲ. ಮೂರು ಲೀಟರ್. ಹೆಂಡತಿ ಎರಡೂವರೆಗೆ ಇಳಿಸಿದಾಳೆ.

ಇವತ್ತು ರೇಷನ್ ಡಬ್ಬೀಲಿ 20 ರೂಪಾಯಿ ಕಮ್ಮಿ ಇತ್ತು. ತಳದಲ್ಲಿ ಮಗಳ ಚೀಟಿ: “ಪೆನ್ನು 10. ಬಸ್ಸು ತಪ್ಪಿತು, ಆಟೋ 10. ಅಪ್ಪಾ, ಬರ್ಕೋ.”

ಬರ್ಕೊಂಡೆ.