ಮಳೆ ಅಳೆಯುವವರಿಗೊಂದು ಪತ್ರ

ನಮ್ಮ ಮಾವ ತೀರಿಕೊಂಡ ಮೇಲೆ ಮಳೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂಡಿಗೆರೆ ಕಡೆ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಕಣದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ಬಾಟಲಿ ತೆಗೆದು, ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ, ಡೈರಿಯಲ್ಲಿ ಬರೆಯಬೇಕು. ಮಾವ ಒಂದು ದಿನವೂ ತಪ್ಪಿಸಿದವರಲ್ಲ. ಜ್ವರ ಬಂದಾಗ ನನ್ನನ್ನು ಕಳಿಸಿ, ಮಂಚದ ಮೇಲಿಂದಲೇ "ಎಷ್ಟು ಸೆಂಟ್ ಆಯ್ತಮ್ಮಾ?" ಅಂತ ಕೇಳುತ್ತಿದ್ದರು. ನಮ್ಮ ಕಡೆ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ. ನೂರು ಸೆಂಟ್ ಸೇರಿದರೆ ಒಂದು ಇಂಚು. ಒಂದು ಇಂಚು ಮಳೆ ಅಂದರೆ ಎಕರೆಗೆ ಸುಮಾರು 1 ಲಕ್ಷ ಲೀಟರ್ ನೀರು.

ಡೈರಿ ಕೈಗೆ ಬಂದ ಮೊದಲ ವರ್ಷ ನನಗೆ ಒಂದು ಕೊರತೆ ಕಾಡಿತು. ಇವತ್ತು 80 ಸೆಂಟ್ ಅಂತ ಬರೆದೆ. ಸರಿ. ಅದು ಜಾಸ್ತಿಯೋ ಕಡಿಮೆಯೋ? ಗುಡ್ಡದ ಆಚೆ ಎಷ್ಟು ಬಿತ್ತು? ಮಾವನಿಗೆ ಇದನ್ನು ಕೇಳಲು ಜನ ಇದ್ದರು. ಸಂತೆಯಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ "ನಿಮ್ಮಲ್ಲಿ ಎಷ್ಟು?" ಅಂತಲೇ ಅವರ ಮಾತು ಶುರುವಾಗುತ್ತಿತ್ತು. ನನಗೆ ಆ ಬಳಕೆ ಇರಲಿಲ್ಲ.

ಹಾಗಂತ ಒಂದು ವಾಟ್ಸಾಪ್ ಗುಂಪು ಸೇರಿದೆ. ಅಂಕಿ ಬರುತ್ತಿದ್ದವು, ನಿಜ. ಮಧ್ಯಾಹ್ನದ ಹೊತ್ತಿಗೆ ಶುಭೋದಯದ ಚಿತ್ರ, ಮೆಣಸಿನ ರೇಟು, ಆನೆ ಬಂದ ಸುದ್ದಿ ಇವೆಲ್ಲದರ ಅಡಿಗೆ ಹೋಗಿಬಿಡುತ್ತಿದ್ದವು. ಆನೆ ಸುದ್ದಿ ಬೇಕೇ ಬೇಕು, ಅದು ಜೀವದ ಪ್ರಶ್ನೆ. ಆದರೆ ಹೋದ ವರ್ಷ ಹೂಮಳೆ ಯಾವತ್ತು, ಎಷ್ಟು ಬಿತ್ತು ಅಂತ ಅದರಲ್ಲಿ ಹುಡುಕಲು ಆಗಲಿಲ್ಲ. ಕಾಫಿ ಬೆಳೆಯುವವರಿಗೆ ಆ ಒಂದು ಅಂಕಿ ತುಂಬಾ ಮುಖ್ಯ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಮಳೆ ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಹೂವಾಗುತ್ತದೆ. ಬರೀ 20 ಸೆಂಟ್ ಉದುರಿ ಹೋದರೆ ಮೊಗ್ಗು ಅರ್ಧಂಬರ್ಧ ಅರಳಿ ಕೆಡುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಬೇಕೋ, ಇನ್ನೆರಡು ದಿನ ಮೋಡ ನೋಡಬೇಕೋ ಅಂತ ತಲೆಬಿಸಿ. ಅಂಥ ಹೊತ್ತಿನಲ್ಲಿ ಸುತ್ತಲಿನ ಹತ್ತು ಊರಿನ ಲೆಕ್ಕ, ಹಿಂದಿನ ವರ್ಷಗಳ ಲೆಕ್ಕ ಒಂದೇ ಕಡೆ ಸಿಗಬೇಕು ಅನ್ನಿಸಿತು. ಇಮೇಲ್ ಆದರೆ ಕಳೆದುಹೋಗುವುದಿಲ್ಲ. ಊರಿನ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ.

ಆ ಹೊತ್ತಿಗೆ ಸೈಮನ್ಸ್ ಬಗ್ಗೆ ಓದಿದೆ. ನಮ್ಮ ಕಣದಲ್ಲಿರುವುದು ಸೈಮನ್ಸ್ ಮಳೆಮಾಪಕ. ಶಾಲೆಯ ಪುಸ್ತಕದಲ್ಲೂ ಆ ಹೆಸರು ಇರುತ್ತದೆ. ಐದು ಇಂಚು ಬಾಯಿಯ ಡಬ್ಬಿಯ ಹೆಸರು ಅಂತಷ್ಟೇ ಅಂದುಕೊಂಡಿದ್ದೆ, ಆ ಮನುಷ್ಯನ ಬಗ್ಗೆ ಯೋಚಿಸಿರಲಿಲ್ಲ. ಜಾರ್ಜ್ ಜೇಮ್ಸ್ ಸೈಮನ್ಸ್ ಲಂಡನ್ನಿನವರು. ಬ್ರಿಟನ್ನಿನಲ್ಲಿ ಮಳೆ ಅಳೆಯುವ ಪಾದ್ರಿಗಳು, ವೈದ್ಯರು, ಜಮೀನಿನವರಿಗೆಲ್ಲ ಕಾಗದ ಬರೆದು ಅಂಕಿ ತರಿಸಿಕೊಂಡು, ಒಟ್ಟುಮಾಡಿ ಅಚ್ಚು ಹಾಕಿಸಿ ಅವರಿಗೇ ವಾಪಸ್ ಕಳಿಸುತ್ತಿದ್ದರು. 1860ರ ಮೊದಲ ಪಟ್ಟಿಯಲ್ಲಿ 168 ಊರುಗಳಿದ್ದವು. 1900ರಲ್ಲಿ ಅವರು ತೀರಿಕೊಂಡಾಗ ಅಳೆಯುವವರು ಮೂರು ಸಾವಿರ ದಾಟಿದ್ದರು. ಎಲ್ಲಾ ಅಂಚೆಯಲ್ಲಿ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಾವನ ಹಳೇ ಡೈರಿಯ ಹಿಂದಿನ ಪುಟದಲ್ಲಿದ್ದ ಫೋನ್ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿದೆ. ನಿಮ್ಮ ಮಳೆ ಅಂಕಿ ಕಳಿಸಿ, ಎಲ್ಲರದ್ದೂ ಸೇರಿಸಿ ಇಮೇಲಿನಲ್ಲಿ ಒಂದು ಪತ್ರ ಮಾಡಿ ನಿಮಗೇ ಕಳಿಸುತ್ತೇನೆ ಅಂದೆ. ಹನ್ನೊಂದು ಜನ ಒಪ್ಪಿದರು.

ಎಷ್ಟು ದಿನಕ್ಕೊಮ್ಮೆ ಕಳಿಸುವುದು ಅನ್ನುವುದಕ್ಕೆ ಜಾಸ್ತಿ ಯೋಚಿಸಬೇಕಾಗಲಿಲ್ಲ. ವಾರಕ್ಕೊಂದು, ತಿಂಗಳಿಗೊಂದು ಅಂತ ಯಾಕೆ? ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹಂಚಿಟ್ಟಿದ್ದಾರಲ್ವಾ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ, ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು. ಒಂದು ಮಳೆ ಮುಗಿದ ಮೂರನೇ ದಿನ ಒಂದು ಪತ್ರ. ಓದುವವರಿಗೂ ನೆನಪಿಡುವುದು ಸುಲಭ. "ಆರಿದ್ರಾ ಪತ್ರ", "ಪುಷ್ಯದ ಪತ್ರ" ಅಂತಲೇ ಕರೆಯುತ್ತಾರೆ. ನವೆಂಬರ್‌ನಲ್ಲಿ ವಿಶಾಖ ಮುಗಿದ ಮೇಲೆ ಕೊಯ್ಲು ಶುರು. ಆಗ ಯಾರಿಗೂ ಪುರುಸೊತ್ತಿಲ್ಲ, ಪತ್ರವೂ ಇಲ್ಲ. ಹೂಮಳೆ ಬಿದ್ದಾಗ ಮಾತ್ರ ಒಂದು ವಿಶೇಷ ಪತ್ರ.

ಬರೆಯುವುದು ಕಷ್ಟವಾಗಲಿಲ್ಲ. ಅದನ್ನು ಜನ ಓದುವಂತೆ ಮಾಡುವುದೇ ದೊಡ್ಡ ಕೆಲಸವಾಯಿತು. ಸ್ಮಾರ್ಟ್ ಫೋನ್ ಇದ್ದ ಹೆಚ್ಚಿನವರಿಗೆ ಜಿಮೇಲ್ ವಿಳಾಸ ಇತ್ತು. ಆದರೆ ಅದನ್ನು ಮಾಡಿಕೊಟ್ಟವನು ಮೊಬೈಲ್ ಅಂಗಡಿಯ ಹುಡುಗ. ವಿಳಾಸ ಏನು ಅಂತ ಇವರಿಗೇ ಗೊತ್ತಿಲ್ಲ. ನಾಲ್ಕು ಮನೆಗಳಿಗೆ ನಾನೇ ಹೋದೆ. ಕಾಫಿ ಕುಡಿದು, ಫೋನ್ ಇಸಕೊಂಡು, ವಿಳಾಸ ಹುಡುಕಿ, ಇನ್‌ಬಾಕ್ಸ್ ತೆಗೆಯುವುದು ತೋರಿಸಿ, ನನ್ನ ವಿಳಾಸವನ್ನು ಅವರ ಕಾಂಟ್ಯಾಕ್ಟಿಗೆ ಸೇರಿಸಿ ಬಂದೆ. ಹಾಗೆ ಸೇರಿಸಿದರೆ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುವುದು ಕಡಿಮೆ. ನೀವೂ ಇಂಥದ್ದೊಂದು ಶುರುಮಾಡುವುದಾದರೆ ಈ ಮನೆ ಮನೆ ಓಡಾಟಕ್ಕೆ ಬೇಸರ ಮಾಡಿಕೊಳ್ಳಬೇಡಿ. ಆ ನಾಲ್ವರು ಇವತ್ತಿಗೂ ಒಂದು ಅಂಕಿ ತಪ್ಪಿಸಿಲ್ಲ.

ಮೊದಲ ಪತ್ರದಲ್ಲೇ ಒಂದು ತಪ್ಪು ಮಾಡಿದೆ. ಎಲ್ಲರ ವಿಳಾಸವನ್ನೂ "ಟು" ಅಂತ ಇರುವ ಕಡೆಯೇ ಹಾಕಿಬಿಟ್ಟೆ. ಹನ್ನೊಂದು ಜನರ ವಿಳಾಸ ಹನ್ನೊಂದು ಜನರಿಗೂ ಕಂಡಿತು. ಯಾರೂ ಬೈಯಲಿಲ್ಲ, ಆದರೂ ನನಗೆ ತುಂಬಾ ಬೇಜಾರಾಯಿತು. ನಂಬಿ ಕೊಟ್ಟ ವಿಳಾಸ ಅದು. ಎಲ್ಲರಿಗೂ ಕ್ಷಮೆ ಕೇಳಿ ಬರೆದೆ. ಆಮೇಲಿಂದ ವಿಳಾಸಗಳೆಲ್ಲ "ಬಿಸಿಸಿ"ಯಲ್ಲಿ. ಅಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಜಿಮೇಲ್‌ನಲ್ಲಿ ಹಾಗೆ ದಿನಕ್ಕೆ 500 ಜನರವರೆಗೆ ಕಳಿಸಬಹುದು. ನಾವು ಈಗ 64 ಜನ, ಸಾಕು. ಸುದ್ದಿಪತ್ರಕ್ಕೆಂದೇ ಇರುವ ಸೇವೆಗಳು ಬೇಕಾದಷ್ಟಿವೆ. ಎಷ್ಟು ಜನ ತೆರೆದು ನೋಡಿದರು ಅಂತ ಅವು ಲೆಕ್ಕ ಕೊಡುತ್ತವೆ. ನನಗೆ ಆ ಲೆಕ್ಕ ಬೇಡ. ಓದಿದವರು ಅಂಕಿ ಕಳಿಸುತ್ತಾರೆ, ಗೊತ್ತಾಗುತ್ತದೆ. ಬೇಡ ಅನ್ನಿಸಿದವರು "ಬೇಡ" ಅಂತ ಒಂದು ಪದ ಬರೆದರೆ ಅವತ್ತೇ ತೆಗೆಯುತ್ತೇನೆ. ಪ್ರತಿ ಪತ್ರದ ಕೊನೆಯಲ್ಲೂ ಇದನ್ನು ಬರೆದಿರುತ್ತೇನೆ.

ಅಕ್ಷರದ ಪಾಡು ಬೇರೆ. ಒಬ್ಬ ನಿವೃತ್ತ ಮೇಷ್ಟ್ರು ಕಂಪ್ಯೂಟರಿನ ಹಳೇ "ನುಡಿ" ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿ ಕಳಿಸುತ್ತಿದ್ದರು. ನನ್ನ ಫೋನಿನಲ್ಲಿ ಅದೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಯೂನಿಕೋಡಿಗೆ ಬದಲಾಯಿಸಿ ಓದುವುದು ಕಲಿತೆ. ಈಗ ಹೆಚ್ಚಿನವರು ಡೈರಿಯ ಪುಟದ ಫೋಟೊ ತೆಗೆದು ಕಳಿಸುತ್ತಾರೆ. ನನಗೆ ಅದೇ ಇಷ್ಟ. ಒಬ್ಬರು ಮಿಲಿಮೀಟರ್, ಒಬ್ಬರು ಸೆಂಟ್. ನೀವು ಹೇಗೆ ಬೇಕಾದರೂ ಬರೆಯಿರಿ, ನಾನು ಎರಡರಲ್ಲೂ ಹಾಕುತ್ತೇನೆ ಅಂದಿದ್ದೇನೆ. ಒಂದೇ ಒಂದು ಕಟ್ಟುನಿಟ್ಟು: ಎಂಟೂವರೆಗೆ ಅಳೆದದ್ದನ್ನು ಅಳೆದ ದಿನದ ತಾರೀಖಿಗೇ ಬರೆಯಬೇಕು. ಹವಾಮಾನ ಇಲಾಖೆಯ ಕ್ರಮವೂ ಅದೇ. ರಾತ್ರಿ ಬಿದ್ದ ಮಳೆಯನ್ನು ಕೆಲವರು ನಿನ್ನೆಗೆ, ಕೆಲವರು ಇವತ್ತಿಗೆ ಬರೆದರೆ ಪಕ್ಕದೂರಿಗೆ ಒಂದು ದಿನ ತಡವಾಗಿ ಮಳೆ ಬಂದಂತೆ ಕಾಣುತ್ತದೆ.

ಎರಡನೇ ವರ್ಷದ ಆರಿದ್ರಾ ಪತ್ರ ಕಳಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆರು ಕಿಲೋಮೀಟರ್ ದೂರದ ಎರಡು ತೋಟ. ಒಂದರಲ್ಲಿ ಮಳೆ ಇನ್ನೊಂದರ ಅರ್ಧ. ಮಲೆನಾಡಿನಲ್ಲಿ ಗುಡ್ಡ ದಾಟಿದರೆ ಮಳೆ ಬೇರೆ, ನಿಜ. ಆದರೆ ನಿಜವಾದ ಮಳೆ ಒಂದು ದಿನ ಇಲ್ಲಿ ಜಾಸ್ತಿ, ಒಂದು ದಿನ ಅಲ್ಲಿ ಜಾಸ್ತಿ. ದಿನಾ ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಬೀಳುತ್ತದೆಯೇ? ಫೋನ್ ಮಾಡಿ "ಅಣ್ಣಾ, ನಿಮ್ಮ ಅಳತೆ ಜಾಡಿ ಒಮ್ಮೆ ನೋಡ್ತೀರಾ, ಮೇಲೆ ಏನೋ ಬರೆದಿರುತ್ತೆ" ಅಂದೆ. 200 ಅಂತ ಇತ್ತು. ಅವರ ಮಾಪಕದ ಬಾಯಿ 100 ಚದರ ಸೆಂಟಿಮೀಟರಿನದು. ಹಿಂದಿನ ದೀಪಾವಳಿಗೆ ಜಾಡಿ ಒಡೆದು ಹೊಸದು ತಂದಿದ್ದರಂತೆ. 200ರ ಬಾಯಿಗೆ ಮಾಡಿದ ಜಾಡಿ, 100ರ ಬಾಯಿಯ ನೀರು. ಅಷ್ಟೂ ತಿಂಗಳು ಅವರ ತೋಟದಲ್ಲಿ ಲೆಕ್ಕಕ್ಕೆ ಅರ್ಧ ಮಳೆಯೇ ಬಿದ್ದಿತ್ತು. ದೀಪಾವಳಿಯಿಂದ ಈಚೆಗಿನ ಎಲ್ಲಾ ಅಂಕಿಯನ್ನೂ ಇಬ್ಬರೂ ಫೋನಿನಲ್ಲೇ ಕೂತು ಎರಡರಿಂದ ಗುಣಿಸಿದೆವು. ಅವರ ಡೈರಿ ಒಂದನ್ನೇ ನೋಡಿದ್ದರೆ ಈ ತಪ್ಪು ಎಂದೂ ಸಿಗುತ್ತಿರಲಿಲ್ಲ.

ಹೋದ ವರ್ಷ ಕಳಸದ ಕಡೆಯ ಹಿರಿಯರೊಬ್ಬರಿಂದ ಆಶ್ಲೇಷದ ಅಂಕಿ ಬರಲಿಲ್ಲ. ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಅವರ ಊರಿನ ಸಾಲು ತೆಗೆಯಲು ಮನಸ್ಸು ಬರದೆ ಖಾಲಿ ಬಿಟ್ಟು ಪತ್ರ ಕಳಿಸಿದೆ. ಮಘಾ ಪತ್ರದಲ್ಲೂ ಖಾಲಿ. ಹುಬ್ಬ ಮಳೆ ಶುರುವಾದ ವಾರ ಒಂದು ಇಮೇಲ್ ಬಂತು. ಮೂರು ಫೋಟೊ, ಎರಡು ಸಾಲು. ಹೆಂಡತಿಗೆ ಹುಷಾರಿಲ್ಲದೆ ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದರಂತೆ, ಈಗ ಮನೆಗೆ ಬಂದಿದ್ದಾರಂತೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಆಗಸ್ಟ್ 5ರಿಂದ ಡೈರಿಯಲ್ಲಿ ಅಕ್ಷರ ಬೇರೆ. ದುಂಡಗೆ, ದೊಡ್ಡದಾಗಿ, ಪೆನ್ಸಿಲಿನಲ್ಲಿ. ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಶಾಲೆಗೆ ಹೋಗುವ ಮುಂಚೆ ಅಳೆದು ಬರೆದಿದ್ದಳು. ಒಂದು ದಿನವೂ ಬಿಟ್ಟಿರಲಿಲ್ಲ. ಎರಡೂ ಪತ್ರಗಳ ಖಾಲಿ ಸಾಲು ತುಂಬಿ, 64 ಜನರಿಗೂ ಮತ್ತೆ ಕಳಿಸಿದೆ. ಅಳೆದವರು ಅಂತ ಇರುವ ಕಡೆ ಅವಳ ಹೆಸರು ಬರೆದೆ.