ಮೂಗಿನ ಮುಂದಿನ ಬೆಟ್ಟ

"ಅಲ್ಲಿ ನೋಡಿ ಭಾವ, ಆಗಲೇ ಇಬ್ಬರು ತುದಿಗೆ ಹೋಗಿ ನಿಂತಿದ್ದಾರೆ" ಅಂದೆ.

ಭಾವ ಬೂಟಿನ ಲೇಸ್ ಕಟ್ಟುತ್ತಿದ್ದರು. ತಲೆ ಎತ್ತಲೇ ಇಲ್ಲ. "ಅವರಿಬ್ಬರು ಯಾವಾಗಲೂ ಅಲ್ಲೇ ಇರ್ತಾರೆ ಮಾರಾಯ. ಕಲ್ಲು ಅವು."

ವೇಲ್ಸ್‌ನ ಉತ್ತರ ಭಾಗದ ಸ್ನೋಡೋನಿಯಾ. ಆಗಸ್ಟ್ ತಿಂಗಳ ಕೊನೆ. ಎ5 ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿದ್ದೆವು. ರಸ್ತೆಯ ಒಂದು ಪಕ್ಕ ಓಗ್ವೆನ್ ಸರೋವರ, ಇನ್ನೊಂದು ಪಕ್ಕ ಬೆಟ್ಟ. ಮೆಲ್ಲಗೆ ಏರುವ ತಪ್ಪಲು, ನೆರಳಿನ ದಾರಿ, ಅಂಥದ್ದೇನೂ ಇಲ್ಲ. ಕಾರಿನ ಬಾಗಿಲು ತೆಗೆದರೆ ಬೆಟ್ಟ ಶುರು. ಬೂದು ಬಣ್ಣದ ಬಂಡೆ ಮೇಲೆ ಬಂಡೆ, ಗರಗಸದ ಹಲ್ಲಿನ ಹಾಗೆ.

ಹೆಸರನ್ನು ನಕ್ಷೆಯಲ್ಲಿ ಓದಿ ನಾನು ‘ಟ್ರೈಫಾನ್’ ಅಂದಿದ್ದೆ. ಭಾವ ತಿದ್ದಿದರು. ವೆಲ್ಷ್ ಭಾಷೆಯಲ್ಲಿ ಒಂದು ಎಫ್ ಬಂದರೆ ಅದು ‘ವ’, ಜೋಡಿ ಎಫ್ ಬಂದರೆ ಮಾತ್ರ ‘ಫ’. ಹಾಗಾಗಿ ಇದು ಟ್ರವನ್. ಎತ್ತರ 917.5 ಮೀಟರ್. ಆ ಅರ್ಧ ಮೀಟರನ್ನು ಇಲ್ಲಿನವರು ಬಿಡುವುದಿಲ್ಲ. ಹಿಂದೆ ನಕ್ಷೆಗಳಲ್ಲಿ 915 ಅಂತ ಇತ್ತಂತೆ. ಇಲ್ಲಿನ ದೊಡ್ಡ ಬೆಟ್ಟಗಳ ಪಟ್ಟಿಗೆ ಸೇರಲು 3000 ಅಡಿ ಇರಬೇಕು, ಅಂದರೆ 914.4 ಮೀಟರ್. ಕೂದಲೆಳೆಯಲ್ಲಿ ಪಾಸಾದ ಹಾಗೆ. ಆ ಅನುಮಾನ ಯಾಕೆ ಅಂತ 2010ರಲ್ಲಿ ಮತ್ತೆ ಅಳೆದರು. 3010 ಅಡಿ ಬಂತು. ಮರ್ಯಾದೆ ಉಳಿಯಿತು.

ನಮ್ಮಕ್ಕ ಹಿಂದಿನ ರಾತ್ರಿಯೇ ಬುದ್ಧಿ ಹೇಳಿದ್ದಳು. "ಸುಮ್ನೆ ಸ್ನೋಡನ್‌ಗೆ ಹೋಗಿ ಬನ್ನಿ. ಅದೇ ವೇಲ್ಸ್‌ನಲ್ಲಿ ಎಲ್ಲಕ್ಕಿಂತ ಎತ್ತರ. ತುದಿವರೆಗೆ ರೈಲೇ ಹೋಗುತ್ತೆ." ನಿಜ, 1896ರಿಂದ ಹೋಗುತ್ತಿದೆ. ನನಗೂ ಬೇಕಾಗಿದ್ದದ್ದು ದೃಶ್ಯ ಅಷ್ಟೇ. ಹಸಿರು ಕಣಿವೆ, ನೀಲಿ ನೀರು, ಒಂದಷ್ಟು ಫೋಟೋ. ರೈಲಿನಲ್ಲಿ ಕೂತು ನೋಡಿದ್ದರೂ ನಡೆಯುತ್ತಿತ್ತು. ಆದರೆ ಭಾವ ಕೇಳಬೇಕಲ್ಲ! ಆರೇಳು ವರ್ಷದಿಂದ ಅವರಿಗೆ ಬೆಟ್ಟದ ಹುಚ್ಚು.

ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೆ.

"ಅದನ್ನು ಬ್ಯಾಗಿಗೆ ಹಾಕು" ಅಂದರು. "ಕೈ ಎರಡೂ ಬೇಕಾಗುತ್ತೆ."

ಮೊದಲ ಅರ್ಧ ಗಂಟೆ ಕಲ್ಲಿನ ಮೆಟ್ಟಿಲಿನಂಥ ದಾರಿ. ಎರಡೂ ಕಡೆ ಹೆದರ್ ಪೊದೆಗಳು ನೇರಳೆ ಹೂ ಬಿಟ್ಟಿದ್ದವು. ಮೊಣಕಾಲು ಎತ್ತರದ ಗಿಡ, ಕೈ ಸವರಿದರೆ ಒರಟು. ಆಗಾಗ ನಿಂತು ತಿರುಗಿ ನೋಡುತ್ತಿದ್ದೆ. ಕೆಳಗೆ ಸರೋವರ ಉದ್ದಕ್ಕೆ ಮಲಗಿತ್ತು. ಆರ್ಥರ್ ರಾಜನ ಕತ್ತಿಯನ್ನು ಅವನ ಸೇನಾನಿ ಎಸೆದದ್ದು ಇದೇ ನೀರಿಗೆ ಅಂತ ಒಂದು ಕಥೆ ಇದೆ. ಇಂಥ ಕಥೆ ಇರುವ ಸರೋವರಗಳು ಬ್ರಿಟನ್‌ನಲ್ಲಿ ಇನ್ನೂ ಕೆಲವು ಇವೆ, ಅದು ಬೇರೆ ಮಾತು. ಸರೋವರದ ಪಕ್ಕದಲ್ಲೇ ಲಂಡನ್‌ನಿಂದ ಐರ್ಲೆಂಡಿನ ಹಡಗು ಹಿಡಿಯುವ ಬಂದರಿಗೆ ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ಹಾಕಿದ ರಸ್ತೆ. ನಮ್ಮ ಕಾರು ಅಲ್ಲೇ ಎಲ್ಲೋ ಇತ್ತು. ಇದೇ ದೃಶ್ಯ ಅಂದುಕೊಂಡೆ, ಸಂತೋಷವೂ ಆಯಿತು.

ಆಮೇಲೆ ದಾರಿ ಮುಗಿದುಹೋಯಿತು.

ಟ್ರವನ್‌ನ ಉತ್ತರದ ಏಣಿನಲ್ಲಿ ಇದೇ ವಿಶೇಷ. ಒಂದು ಮಟ್ಟದವರೆಗೆ ದಾರಿ ಇರುತ್ತದೆ, ಆಮೇಲೆ ಅದು ಹತ್ತು ದಾರಿಯಾಗುತ್ತದೆ, ಆಮೇಲೆ ಒಂದೂ ಇರುವುದಿಲ್ಲ. ಇಲ್ಲಿಂದ ಮುಂದಿನದಕ್ಕೆ ಸ್ಕ್ರ್ಯಾಂಬ್ಲಿಂಗ್ ಅನ್ನುತ್ತಾರೆ. ನಡಿಗೆಯೂ ಅಲ್ಲ, ಹಗ್ಗ ಕಟ್ಟಿ ಹತ್ತುವುದೂ ಅಲ್ಲ. ಕೈ ಕಾಲು ಎರಡೂ ಬಳಸಿ ಮೇಲಕ್ಕೆ ಹೋಗುವುದು. ಕಷ್ಟದ ಲೆಕ್ಕದಲ್ಲಿ ಇದು ಒಂದನೇ ದರ್ಜೆಯಂತೆ, ಅಂದರೆ ಎಲ್ಲಕ್ಕಿಂತ ಸುಲಭದ್ದು. ಎರಡನೆಯದು, ಮೂರನೆಯದು ಹೇಗಿರುತ್ತದೆ ಅಂತ ನಾನು ಕೇಳಲಿಲ್ಲ.

"ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆ ಮೇಲಿರಬೇಕು. ಎರಡು ಕೈ, ಎರಡು ಕಾಲು. ಒಂದನ್ನೇ ಎತ್ತು. ಅದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು." ಭಾವ ಕೊಟ್ಟ ಪಾಠ ಇಷ್ಟೇ.

ಅಲ್ಲಿಂದ ಸುಮಾರು ಒಂದೂವರೆ ಗಂಟೆ ನಾನು ಯಾವ ಕಣಿವೆಯನ್ನೂ ನೋಡಲಿಲ್ಲ. ನೋಡಿದ್ದು ಮೂಗಿನಿಂದ ಒಂದು ಗೇಣು ದೂರದಲ್ಲಿದ್ದ ಕಲ್ಲು. ಆದರೆ ಎಷ್ಟು ನೋಡಿದೆ ಅಂದರೆ, ಈಗಲೂ ಕಣ್ಣು ಮುಚ್ಚಿದರೆ ಅದೇ ಬರುತ್ತದೆ. ಸುಮಾರು 45 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಕಲ್ಲು ಅದು. ದೂರದಿಂದ ಬರೀ ಬೂದು. ಹತ್ತಿರದಿಂದ ಬೂದು ಬಣ್ಣವೇ ಕಾಣುವುದಿಲ್ಲ. ನಕ್ಷೆಯಂತೆ ಹರಡಿದ ಹಳದಿ ಹಸಿರು ಕಲ್ಲುಹೂವು. ಅಡ್ಡಕ್ಕೆ ಓಡಿದ ಬಿಳಿ ಬೆಣಚುಕಲ್ಲಿನ ಗೆರೆ, ಯಾರೋ ಸುಣ್ಣದಲ್ಲಿ ಎಳೆದ ಹಾಗೆ. ಬೆರಳು ಇಟ್ಟರೆ ಅರದ ಹಾಗೆ ಹಿಡಿಯುತ್ತದೆ, ಜಾರಲು ಬಿಡುವುದಿಲ್ಲ. ಕೆಲವು ಕಡೆ ಮಾತ್ರ ನುಣುಪು. ಅಷ್ಟು ಜನ ಹಿಡಿದು, ತುಳಿದು ಸವೆದದ್ದು. 1953ರಲ್ಲಿ ಎವರೆಸ್ಟ್ ಹತ್ತಿದ ತಂಡ ಅದಕ್ಕೂ ಮೊದಲು ತಯಾರಿ ನಡೆಸಿದ್ದು ಇದೇ ಬೆಟ್ಟಗಳ ಸುತ್ತ. ನುಣುಪಾದ ಒಂದು ಹಿಡಿ ಸಿಕ್ಕಾಗ, ಯಾರ್ಯಾರ ಕೈ ಇಲ್ಲಿ ಬಿದ್ದಿರಬಹುದು ಅಂತ ಅನ್ನಿಸಿತು. ಮರುಕ್ಷಣ ಕಾಲು ಜಾರಿತು. ಯೋಚನೆ ಅಲ್ಲಿಗೇ ನಿಂತಿತು.

ತಪ್ಪು ಮಾಡಿದ್ದು ಅದಾದ ಮೇಲೆ. ಭಾವ ಎಡಕ್ಕೆ ಹೋದರು. ನನಗೆ ಬಲಗಡೆ ಒಂದು ಸಂದು ಸುಲಭವಾಗಿ ಕಂಡಿತು. ಹುಲ್ಲು, ಸಡಿಲ ಕಲ್ಲು, ಮೆಟ್ಟಿಲಿನ ಹಾಗಿತ್ತು. ಹತ್ತು ಹೆಜ್ಜೆ ಹೋದ ಮೇಲೆ ಮುಂದೆ ಗೋಡೆ. ತಿರುಗಿ ನೋಡಿದರೆ ಹತ್ತಿ ಬಂದ ಮೆಟ್ಟಿಲುಗಳೇ ಕಾಣುತ್ತಿಲ್ಲ, ಬರೀ ಗಾಳಿ, ಅದರಾಚೆ ತುಂಬಾ ಕೆಳಗೆ ಆಟಿಕೆಯಂಥ ಲಾರಿ ಒಂದು ರಸ್ತೆಯಲ್ಲಿ ಹೋಗುತ್ತಿದೆ. ಬೆಟ್ಟದಲ್ಲಿ ಹತ್ತುವಾಗ ಕಾಣುವ ಹಿಡಿ ಇಳಿಯುವಾಗ ಕಾಣುವುದಿಲ್ಲ. ಹತ್ತುವಾಗ ಅದು ಕಣ್ಣಿನ ಎದುರಿಗಿರುತ್ತದೆ, ಇಳಿಯುವಾಗ ಕಾಲಿನ ಕೆಳಗೆ. ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಅಲ್ಲಿ ನಿಂತಾಗಲೇ ಹೊಳೆದದ್ದು.

"ಭಾವಾ!"

"ಅಲ್ಲೇ ಇರು" ಅಂತ ದನಿ ಬಂತು. ಆಮೇಲೆ ಅವರ ಮುಖ, ನನ್ನ ತಲೆಗಿಂತ ಸ್ವಲ್ಪ ಮೇಲೆ, ಬಂಡೆಯ ಅಂಚಿನಲ್ಲಿ. ಬೈಯಲಿಲ್ಲ. "ಮುಖ ಬಂಡೆ ಕಡೆ ಮಾಡು. ಬಲಗಾಲು ಕೆಳಗೆ ಬಿಡು. ಇನ್ನೂ. ಇನ್ನೊಂಚೂರು. ಸಿಕ್ತಾ?" ಸಿಕ್ಕಿತು. ಹೀಗೆ ಒಂದೊಂದೇ ಹೆಜ್ಜೆ ಹೇಳಿ ಇಳಿಸಿದರು. ಈ ಕಣಿವೆಯಲ್ಲಿ ಸಿಕ್ಕಿಕೊಂಡವರನ್ನು ಇಳಿಸಲು ಸ್ವಯಂಸೇವಕರದ್ದೇ ಒಂದು ರಕ್ಷಣಾ ತಂಡ ಇದೆ. ಸಂಬಳವಿಲ್ಲದೆ ಮಳೆ ರಾತ್ರಿ ನೋಡದೆ ಬರುವವರು. ಅವರನ್ನು ಕರೆಸುವವರಲ್ಲಿ ಹೆಚ್ಚಿನವರು ನನ್ನ ಹಾಗೆ ‘ಸುಲಭವಾಗಿ ಕಂಡಿತು’ ಅಂತ ಹೋದವರೇ ಇರಬೇಕು.

ತುದಿ ಬರುವ ಹೊತ್ತಿಗೆ ಮಂಜು ಮುಚ್ಚಿತ್ತು. ಹತ್ತು ಹೆಜ್ಜೆ ಆಚೆ ಏನೂ ಇಲ್ಲ. ಆ ಬಿಳಿಯೊಳಗಿಂದ ಇಬ್ಬರು ಎದ್ದು ನಿಂತರು. ಕಲ್ಲು ಅಂತ ಗೊತ್ತಿದ್ದರೂ ಎದೆ ಧಸಕ್ಕೆಂದಿತು. ಆಡಮ್ ಮತ್ತು ಈವ್. ವೆಲ್ಷ್ ಭಾಷೆಯಲ್ಲಿ ಶೋನ್ ಮತ್ತು ಶಾನ್. ಸುಮಾರು ಮೂರು ಮೀಟರ್ ಎತ್ತರದ ಎರಡು ಕಂಬ, ನಡುವೆ ಒಂದು ದೊಡ್ಡ ದಾಟಿನಷ್ಟು ಜಾಗ. ಒಂದರಿಂದ ಇನ್ನೊಂದಕ್ಕೆ ಹಾರಿದವರಿಗೆ ‘ಟ್ರವನ್‌ನ ಸ್ವಾತಂತ್ರ್ಯ’ ಸಿಗುತ್ತದೆ ಅನ್ನುವ ರೂಢಿ ಇದೆ. ನೆಲದ ಮೇಲಾದರೆ ಮಕ್ಕಳೂ ದಾಟುವ ಅಂತರ. ಇಲ್ಲಿ ಎಡವಿದರೆ ಒಂದು ಕಡೆ ಬಂಡೆಗಳು, ಇನ್ನೊಂದು ಕಡೆ ಬೆಟ್ಟದ ಪೂರ್ವದ ಗೋಡೆ.

"ನೀವು ಹಾರಿದ್ದೀರಾ?"

"ಐದು ಸಲ ಬಂದಿದ್ದೇನೆ. ಮೂರು ಸಲ ಮೇಲೆ ಹತ್ತಿ ನಿಂತಿದ್ದೇನೆ" ಅಂದರು. ಅಷ್ಟರಲ್ಲಿ ನನಗೆ ಉತ್ತರ ಸಿಕ್ಕಿತು. ನಾನಂತೂ ಹತ್ತಲೂ ಹೋಗಲಿಲ್ಲ. ಎರಡರ ನಡುವೆ ಗಾಳಿ ತಪ್ಪಿಸಿಕೊಂಡು ಕೂತೆ.

ಕ್ಯಾಮೆರಾ ಹೊರಗೆ ತೆಗೆದದ್ದು ಆಗ. ಬಿಳಿಯ ನಾಲ್ಕು ಫೋಟೋ ತೆಗೆದೆ. ಐದನೆಯದಕ್ಕೆ ಕಣ್ಣಿಟ್ಟಾಗ ಮಂಜು ಹರಿಯಿತು, ಪಂಚೆ ಹರಿದ ಹಾಗೆ, ಒಂದೇ ಕಡೆ. ಆ ಕಿಂಡಿಯಲ್ಲಿ ಕೆಳಗೆ ಬೋಖ್ಲ್ವಿಡ್ ಅನ್ನುವ ಪುಟ್ಟ ಕೆರೆ. ಥೇಟ್ ಆಸ್ಟ್ರೇಲಿಯಾದ ನಕ್ಷೆ! ಗುಂಡಿ ಒತ್ತುವಷ್ಟರಲ್ಲಿ ಮುಚ್ಚಿಕೊಂಡಿತು. ಐದನೆಯದೂ ಬಿಳಿ.

ದಕ್ಷಿಣದ ಕಡೆಯಿಂದ ಇಳಿದು ಎರಡು ಬೆಟ್ಟಗಳ ನಡುವಿನ ಕಣಿವೆದಾರಿಗೆ ಬಂದೆವು. ಅಲ್ಲಿ ಉದ್ದಕ್ಕೂ ಕಲ್ಲಿನ ಗೋಡೆ, ದಾಟಲು ಮರದ ಏಣಿ. ಅಲ್ಲಿಂದ ಆ ಆಸ್ಟ್ರೇಲಿಯಾದ ದಡದಲ್ಲೇ ನಡೆದೆವು. ಪಕ್ಕದಲ್ಲಿ ನಿಂತರೆ ಯಾವ ದೇಶವೂ ಕಾಣುವುದಿಲ್ಲ, ನೀರು ಅಷ್ಟೇ.

ಭಾವ ಪಕ್ಕದ ಇಡ್ವಾಲ್ ಕಣಿವೆಯನ್ನು ತೋರಿಸಿ ಹೇಳಿದ್ದು ಅಲ್ಲೇ. 1831ರಲ್ಲಿ ಡಾರ್ವಿನ್ ಅಲ್ಲಿಗೆ ಬಂದಿದ್ದ. ಆಗಿನ್ನೂ 22 ವರ್ಷ. ಜೊತೆಗೆ ಕೇಂಬ್ರಿಜ್‌ನ ಭೂವಿಜ್ಞಾನದ ಪ್ರೊಫೆಸರ್ ಸೆಡ್ಜ್‌ವಿಕ್. ಇಬ್ಬರೂ ಗಂಟೆಗಟ್ಟಲೆ ಬಂಡೆಗಳಿಗೆ ಮೂಗು ತಾಗಿಸಿ ಪಳೆಯುಳಿಕೆ ಹುಡುಕಿದರು. ಆದರೆ ಇಡೀ ಕಣಿವೆಯನ್ನು ಹಿಮನದಿ ಕೊರೆದದ್ದು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಗೀರು ಬಿದ್ದ ಬಂಡೆ, ಹಿಮ ಹೊತ್ತು ತಂದು ಬಿಟ್ಟುಹೋದ ದೊಡ್ಡ ಕಲ್ಲು, ಎಲ್ಲ ಕಣ್ಣೆದುರಿಗೇ ಇತ್ತು. 1842ರಲ್ಲಿ ಡಾರ್ವಿನ್ ಮತ್ತೆ ಬಂದಾಗ ಎಲ್ಲ ಕಂಡಿತು. ಆ ಮಧ್ಯದಲ್ಲಿ ಹಿಮನದಿಗಳ ವಿಚಾರ ಯುರೋಪಿನಲ್ಲಿ ಸುದ್ದಿಯಾಗಿತ್ತು. ಬೆಂಕಿಗೆ ಸುಟ್ಟ ಮನೆಯೂ ತನ್ನ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ ಅಂತ ಡಾರ್ವಿನ್ ಆಮೇಲೆ ಬರೆದ.

"ನೋಡು, ಅಂಥವನಿಗೇ ಹನ್ನೊಂದು ವರ್ಷ ಬೇಕಾಯ್ತು" ಅಂದರು ಭಾವ. ನನಗೆ ಸಮಾಧಾನ ಹೇಳುತ್ತಿದ್ದರೋ, ಇನ್ನೊಮ್ಮೆ ಕರೆಯುತ್ತಿದ್ದರೋ ಗೊತ್ತಾಗಲಿಲ್ಲ.

ಕಾರಿನ ಹತ್ತಿರ ಬರುವಾಗ ಸಂಜೆ ಐದು ದಾಟಿತ್ತು. ಬೆರಳ ತುದಿಗಳು ಉರಿಯುತ್ತಿದ್ದವು. ಮಂಜು ಪೂರ್ತಿ ಹೋಗಿ, ಬೆಟ್ಟ ತೊಳೆದಿಟ್ಟ ಹಾಗೆ ನಿಂತಿತ್ತು. ಈಗ ಬಿಸಿಲು ಬೇರೆ! ತುದಿಯಲ್ಲಿ ಅವರಿಬ್ಬರು. ಅಲ್ಲ, ಮೂವರು. ಒಂದು ಕಂಬದ ಮೇಲೆ ಚುಕ್ಕಿಯಷ್ಟು ಯಾರೋ ನಿಂತಿದ್ದರು.

ಭಾವ ಬೂಟಿನ ಲೇಸ್ ಬಿಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು, "ಹಾರಿದ್ನಾ?"

"ಇಲ್ಲ ಭಾವ. ಇನ್ನೂ ನಿಂತೇ ಇದ್ದಾನೆ."